ದೂರದ ಬೆಟ್ಟಕ್ಕೆ ಬಣ್ಣ ಬಳಿದವರು ನಾವೇ

1/8

ಈ ಫೋಟೋ ನೋಡಿ "ಇಷ್ಟೇನಾ?" ಅನ್ನಿಸ್ತಾ? ಅನ್ನಿಸಲಿ. ಅದಕ್ಕೇ ಹಾಕಿದ್ದು.

ಇದು ಚೀನಾದ ಜಾಂಗ್ಯೆ ಊರಿನ ಹತ್ತಿರದ ಬಣ್ಣದ ಗುಡ್ಡಗಳು. ಮಧ್ಯಾಹ್ನ ಒಂದೂವರೆಗೆ ತೆಗೆದಿದ್ದು. ಫೋನಿನಲ್ಲಿ ಹೇಗೆ ಬಂತೋ ಹಾಗೇ ಇದೆ. ಫಿಲ್ಟರ್ ಹಾಕಿಲ್ಲ, ಸ್ಯಾಚುರೇಷನ್ ಎಳೆದಿಲ್ಲ. ಇಟ್ಟಿಗೆ ಬಣ್ಣ, ಒಣಹುಲ್ಲಿನ ಬಣ್ಣ, ಬೂದಿ ಬಣ್ಣ, ನಡುವೆ ಒಂದೆರಡು ಪಟ್ಟೆ ಮಾಸಿದ ಹಸಿರು. ಕಾಮನಬಿಲ್ಲು ಎಲ್ಲೂ ಕಾಣಲ್ಲ.

ಎರಡು ತಿಂಗಳ ಹಿಂದೆ ಇದೇ ಜಾಗದ ಇನ್ನೊಂದು ಫೋಟೋ ಹಾಕಿದ್ದೆ, ನೆನಪಿದ್ಯಾ? ಕೆಂಪು ಅಂದ್ರೆ ರಕ್ತಗೆಂಪು, ಹಳದಿ ಅಂದ್ರೆ ಅರಿಶಿನ, ಗುಡ್ಡದ ಮೇಲೆ ಕೈ ಚಾಚಿ ನಿಂತ ನನ್ನ ಗೆಳೆಯ. ನನ್ನ ಪೇಜಿನಲ್ಲಿ ಇಲ್ಲಿವರೆಗೂ ಅಷ್ಟು ಲೈಕ್ ಯಾವುದಕ್ಕೂ ಬಂದಿರಲಿಲ್ಲ. ನಿಮ್ಮಲ್ಲಿ ಅರ್ಧ ಜನ ಸೇವ್ ಮಾಡ್ಕೊಂಡ್ರಿ, ಇನ್ನರ್ಧ ಜನ ಸ್ಟೋರಿಗೆ ಹಾಕ್ಕೊಂಡ್ರಿ. ಇವತ್ತು ಬೆಳಗ್ಗೆ ಅದನ್ನ ಅಳಿಸಿ ಹಾಕಿದೆ.

ಎರಡು ಕಾರಣ. ಒಂದು, ಆ ಬಣ್ಣ ಗುಡ್ಡದ್ದಲ್ಲ, ನನ್ನ ಫೋನಿನದ್ದು. ಎರಡು, ಆ ಗೆಳೆಯ ನಿಂತಿದ್ದ ಜಾಗ ನಿಲ್ಲೋ ಜಾಗವೇ ಅಲ್ಲ. ಎರಡನೇದನ್ನ ಹೇಳೋಕೆ ನಾಚಿಕೆ ಆಗುತ್ತೆ, ಐದನೇ ಪೋಸ್ಟಿನಲ್ಲಿ ಹೇಳ್ತೀನಿ.

ಒಟ್ಟು ಎಂಟು ಪೋಸ್ಟ್. ಟ್ರಿಪ್ ಟಿಪ್ಸ್ ಅಂದ್ಕೊಂಡು ಬಂದಿದ್ರೆ ಮೊದಲೇ ಹೇಳ್ಬಿಡ್ತೀನಿ, ಇದು ಜಗಳ. ಮೊದಲು ನನ್ನ ಜೊತೆ, ಆಮೇಲೆ ನಿಮ್ಮ ಜೊತೆ.

2/8

ಮೊದಲು ಜಾಗ ಯಾವುದು ಅಂತ ಸರಿಯಾಗಿ ತಿಳ್ಕೊಳ್ಳೋಣ. ಯಾಕಂದ್ರೆ ನಾವು ಶೇರ್ ಮಾಡಿದಷ್ಟು ಸಲ ಮ್ಯಾಪ್ ತೆಗೆದು ನೋಡಿಲ್ಲ.

ಗಾನ್ಸು ಪ್ರಾಂತ್ಯ. ಚೀನಾದ ವಾಯವ್ಯ ದಿಕ್ಕು. ಒಂದು ಕಡೆ ಚಿಲ್ಯಾನ್ ಪರ್ವತ ಸಾಲು, ಇನ್ನೊಂದು ಕಡೆ ಮರಳುಗಾಡು, ನಡುವೆ ಉದ್ದಕ್ಕೆ ಓಣಿ ಥರ ಇರೋ ಬಯಲು. ಅದಕ್ಕೆ ಹೆಕ್ಸಿ ಕಾರಿಡಾರ್ ಅಂತ ಹೆಸರು. ಹಳೇ ರೇಷ್ಮೆ ದಾರಿ ಇದೇ ಓಣಿಯಲ್ಲಿ ಹಾದು ಹೋಗ್ತಿತ್ತು. ಏಳನೇ ಶತಮಾನದಲ್ಲಿ ಹ್ಯೂಯೆನ್ ತ್ಸಾಂಗ್ ಭಾರತಕ್ಕೆ ಹೊರಟಿದ್ದೂ ಇದೇ ಓಣಿ ಹಿಡಿದು. ನಮ್ಮ ಇಮ್ಮಡಿ ಪುಲಕೇಶಿ ಬಗ್ಗೆ ಬರೆದ ಅದೇ ಹ್ಯೂಯೆನ್ ತ್ಸಾಂಗ್. ಹೈಸ್ಕೂಲಿನಲ್ಲಿ ಎರಡು ಮಾರ್ಕ್ಸಿಗೆ ಉರು ಹೊಡೆದ ಹೆಸರು.

ನಾನು ಓದ್ತಿರೋದು ಲಾಂಜೌನಲ್ಲಿ. ಅಲ್ಲಿಂದ ಜಾಂಗ್ಯೆಗೆ ಹೈಸ್ಪೀಡ್ ರೈಲಿನಲ್ಲಿ ಮೂರು ತಾಸಿನ ಮೇಲಾಗುತ್ತೆ. ಈ ಲೈನು 2014ರ ಡಿಸೆಂಬರಿನಲ್ಲಿ ಶುರುವಾಗಿದ್ದು. ದಾರಿಯಲ್ಲಿ ರೈಲು ಚಿಲ್ಯಾನ್ ಪರ್ವತದ ಹೊಟ್ಟೆಯೊಳಗೆ ನುಗ್ಗಿ ಆ ಕಡೆ ಬರುತ್ತೆ. ಜುಲೈ ತಿಂಗಳಾದ್ರೆ ಸುರಂಗಕ್ಕೆ ಮುಂಚೆ ಕಿಟಕಿ ತುಂಬ ಸಾಸಿವೆ ಜಾತಿಯ ಹಳದಿ ಹೂವಿನ ಹೊಲ. ಗುಡ್ಡಗಳು ಊರಿನಿಂದ ಇನ್ನೂ ದೂರ, ಬಸ್ಸೋ ಕಾರೋ ಹಿಡಿಯಬೇಕು. ಗೇಟ್ ದಾಟಿದ ಮೇಲೆ ಪಾರ್ಕಿನವರದೇ ಬಸ್ಸು. ಒಂದೊಂದು ವೀಕ್ಷಣಾ ಕಟ್ಟೆ ಹತ್ರ ಇಳಿಸಿ ಹತ್ತಿಸ್ಕೊಂಡು ಹೋಗ್ತಾರೆ. ಎಲ್ಲಾ ಕಡೆ ಹಲಗೆ ಹಾಸಿದ ಕಾಲುದಾರಿ, ಪಕ್ಕದಲ್ಲಿ ಕಟಕಟೆ ಅಥವಾ ಹಗ್ಗ. ಆಚೆ ಕಾಲಿಡಬೇಡಿ ಅಂತ ಬೋರ್ಡು.

ಆ ಬೋರ್ಡು ನನಗೂ ಕಾಣಿಸಿತ್ತು.

3/8

ಈ ಬಣ್ಣ ಬಂದದ್ದು ಹೇಗೆ? ಒಂದೇ ಪದದಲ್ಲಿ ಹೇಳೋದಾದ್ರೆ ತುಕ್ಕು.

ಡೈನೋಸಾರ್‌ಗಳಿದ್ದ ಕ್ರಿಟೇಷಿಯಸ್ ಯುಗದಲ್ಲಿ, ಅಂದ್ರೆ ಸುಮಾರು ಹತ್ತು ಕೋಟಿ ವರ್ಷಕ್ಕೂ ಹಿಂದೆ, ನದಿ ಕೆರೆಗಳು ಇಲ್ಲಿ ಮರಳು, ಕೆಸರು ತಂದು ಹಾಸ್ತಾ ಹೋದವು. ಪದರದ ಮೇಲೆ ಪದರ. ಮಣ್ಣಿನಲ್ಲಿದ್ದ ಕಬ್ಬಿಣಕ್ಕೆ ಗಾಳಿ ತಾಗಿದಲ್ಲೆಲ್ಲ ಕೆಂಪು. ಕಬ್ಬಿಣ ನೀರಿನಂಶ ಹಿಡಿದುಕೊಂಡು ಬೇರೆ ರೂಪಕ್ಕೆ ತಿರುಗಿದಲ್ಲಿ ಹಳದಿ, ಕಂದು. ಆಮ್ಲಜನಕ ಸಾಲದೇ ಹೋದಲ್ಲಿ ಹಸಿರು, ಬೂದಿ. ಎಲ್ಲಾ ಅದೇ ಕಬ್ಬಿಣ, ಸಿಕ್ಕ ಗಾಳಿ ನೀರು ಮಾತ್ರ ಬೇರೆ ಬೇರೆ.

ಆದರೆ ಅವೆಲ್ಲ ಚಾಪೆ ಥರ ಮಟ್ಟಸವಾಗಿ ಮಲಗಿದ್ದ ಪದರಗಳು. ಎಬ್ಬಿಸಿ ಓರೆ ನಿಲ್ಲಿಸಿದ್ದು ಯಾರು ಗೊತ್ತಾ? ನಾವು. ತಮಾಷೆ ಅಲ್ಲ. ನಮ್ಮ ದುರ್ಗದ ಕೋಟೆಯನ್ನ ಬೆನ್ನ ಮೇಲೆ ಹೊತ್ತಿರೋ ಈ ಭಾರತದ ಭೂಫಲಕ ಉತ್ತರಕ್ಕೆ ತೇಲ್ತಾ ಹೋಗಿ ಸುಮಾರು ಐದು ಕೋಟಿ ವರ್ಷದ ಹಿಂದೆ ಏಷ್ಯಾಕ್ಕೆ ಗುದ್ದಿತು. ಹಿಮಾಲಯ ಎದ್ದಿತು, ಟಿಬೆಟ್ ಎದ್ದಿತು, ಆ ತಳ್ಳಾಟ ಟಿಬೆಟ್ ದಾಟಿ ಅದರ ಉತ್ತರದ ಅಂಚಿನ ಚಿಲ್ಯಾನ್ ಪರ್ವತದವರೆಗೂ ಮುಟ್ಟಿತು. ಪದರಗಳು ಬಾಗಿದವು, ಮಡಚಿದವು, ಮೇಲೆದ್ದವು. ಆಮೇಲೆ ಮಳೆ ಗಾಳಿ ಕೊರೆದು ಒಳಗಿನ ಪಟ್ಟೆ ತೋರಿಸಿದವು. ಗುದ್ದಾಟ ಇನ್ನೂ ಮುಗಿದಿಲ್ಲ. ಹೆಚ್ಚುಕಡಿಮೆ ನಿಮ್ಮ ಉಗುರು ಬೆಳೆಯೋ ವೇಗದಲ್ಲಿ ನಾವಿನ್ನೂ ಉತ್ತರಕ್ಕೆ ಸರೀತಾನೇ ಇದ್ದೀವಿ.

ಈಗ ಹೇಳಿ. ಇಷ್ಟು ದೊಡ್ಡ ಕಥೆ ಇರೋ ಕಲ್ಲಿನ ಬಣ್ಣ ಸಾಲದು ಅಂತ ನಾನು ಸ್ಲೈಡರ್ ಎಳೆದೆನಲ್ಲ, ನನ್ನ ತಲೆಯಲ್ಲಿ ಏನಿತ್ತು?

4/8

ಈಗ ಬಣ್ಣದ ಸುಳ್ಳಿನ ವಿಚಾರಕ್ಕೆ ಬರ್ತೀನಿ.

ನಮ್ಮ ಜೂನಿಯರ್ ಒಬ್ಬಳ ಚಿಕ್ಕಪ್ಪ ಗುವಾಂಗ್‌ಜೌನಲ್ಲಿ ಕೆಲಸದಲ್ಲಿದ್ದಾರೆ. ಊರಿಂದ ಅವರ ಅಮ್ಮ, ಅಂದ್ರೆ ಇವಳ ಅಜ್ಜಿ, ಮಗನ ಮನೆಗೆ ಬಂದಿದ್ರು. ಇವಳು ನನ್ನ ಫೋಟೋ ಅಜ್ಜಿಗೆ ಕಳಿಸಿದಳು. ಅಜ್ಜಿ "ಅಲ್ಲಿಗೆ ಕರ್ಕೊಂಡೋಗು" ಅಂದ್ರು. ಮಗ ರಜೆ ಹಾಕಿ, ಲಾಂಜೌವರೆಗೆ ವಿಮಾನ, ಅಲ್ಲಿಂದ ರೈಲು ಮಾಡಿಸಿ ಕರ್ಕೊಂಡು ಹೋದ್ರು. ಅವತ್ತು ಮೋಡ. ಹೋಗಿದ್ದು ನಡುಮಧ್ಯಾಹ್ನ. ಮಂಡಿ ನೋವಿನ ಅಜ್ಜಿ ಮೆಟ್ಟಿಲು ಹತ್ತಿ, ಕಟಕಟೆ ಹಿಡ್ಕೊಂಡು ನಿಂತು ನೋಡಿ ಮಗನನ್ನ ಕೇಳಿದ್ರಂತೆ: "ಫೋಟೋದಾಗಿದ್ದ ಗುಡ್ಡ ಇನ್ನೂ ಮುಂದೈತೇನೋ?"

ಪ್ರತಿ ಕಟ್ಟೆಯಲ್ಲೂ ಅದೇ ಪ್ರಶ್ನೆ. ಮುಂದೈತೇನೋ? ಇನ್ನೂ ಮುಂದೈತೇನೋ?

ಜೂನಿಯರ್ ಇದನ್ನ ನಗ್ತಾ ಹೇಳಿದಳು. ನನಗೆ ನಗು ಬರಲಿಲ್ಲ. ಆ ಅಜ್ಜಿಯ ಕಣ್ಣ ಮುಂದೆ ಹತ್ತು ಕೋಟಿ ವರ್ಷದ ಗುಡ್ಡ ಇತ್ತು. ಅದನ್ನ ನೋಡೋಕೆ ಬಿಡದೇ ಇದ್ದದ್ದು ನನ್ನ ಫೋಟೋ. ನನ್ನ ಪೋಸ್ಟ್ ನೋಡದೇ ಹೋಗಿದ್ದಿದ್ರೆ "ಅಬ್ಬಾ, ಎಂಥಾ ಮಣ್ಣು" ಅಂತಿದ್ರೇನೋ. ಇಲ್ಲದ ಗುಡ್ಡ ತೋರಿಸಿ ಇರೋ ಗುಡ್ಡ ಕಿತ್ಕೊಂಡೆ. ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಮಾಡಿದವರಿಗೆ ಫೋನ್ ಗೊತ್ತಿರಲಿಲ್ಲ. ಈಗ ದೂರದ ಬೆಟ್ಟಕ್ಕೆ ನಾವೇ ಬಣ್ಣ ಬಳಿದು ಕಳಿಸ್ತೀವಿ.

ಬಣ್ಣ ಒಂದೇ ಅಲ್ಲ, ಬರಹನೂ ಸುಳ್ಳಾಗಿತ್ತು. "2010ರಿಂದ ವಿಶ್ವ ಪರಂಪರೆ ತಾಣ" ಅಂತ ಯಾರದ್ದೋ ಪೋಸ್ಟಿನಿಂದ ಎತ್ತಿ ಹಾಕಿದ್ದೆ. ತಪ್ಪು. 2010ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ್ದು "ಚೀನಾ ದಾನ್‌ಶ್ಯಾ" ಅನ್ನೋ ಹೆಸರಲ್ಲಿ ದಕ್ಷಿಣ ಚೀನಾದ ಆರು ಜಾಗಗಳು. ಜಾಂಗ್ಯೆ ಅದರಲ್ಲಿ ಇಲ್ಲವೇ ಇಲ್ಲ. ಜಾಂಗ್ಯೆಗೆ 2020ರಲ್ಲಿ ಸಿಕ್ಕಿದ್ದು ಯುನೆಸ್ಕೋ ಜಾಗತಿಕ ಜಿಯೋಪಾರ್ಕ್ ಮನ್ನಣೆ. ಅದು ಬೇರೆ, ಇದು ಬೇರೆ. ದಾನ್‌ಶ್ಯಾ ಅನ್ನೋ ಹೆಸರು ಬಂದದ್ದೂ ದಕ್ಷಿಣದ ಗುವಾಂಗ್‌ಡಾಂಗ್‌ನ ಒಂದು ಕೆಂಪು ಬೆಟ್ಟದಿಂದ. ಈ ಪಟ್ಟೆ ಪಟ್ಟೆ ಗುಡ್ಡಗಳನ್ನ "ಬಣ್ಣದ ಗುಡ್ಡ" ಅಂತ ಬೇರೆಯಾಗೇ ಕರೆಯೋ ಭೂವಿಜ್ಞಾನಿಗಳೂ ಇದ್ದಾರೆ. ನಾನು ಇದ್ಯಾವುದನ್ನೂ ನೋಡಲಿಲ್ಲ. ಕಾಪಿ, ಪೇಸ್ಟ್, ಪೋಸ್ಟ್.

5/8

ಹೇಳ್ತೀನಿ ಅಂದಿದ್ದೆನಲ್ಲ, ಇದು ಆ ಪೋಸ್ಟ್.

ಸಂಜೆ. ಬೆಳಕು ಚೆನ್ನಾಗಿತ್ತು. ಕಟ್ಟೆ ತುಂಬಾ ಜನ, ಎಲ್ಲಿಂದ ಫೋಟೋ ಹೊಡೆದ್ರೂ ಯಾರದ್ದೋ ಕೊಡೆ, ಯಾರದ್ದೋ ಟೋಪಿ. ಒಂದು ಕಡೆ ಹಗ್ಗ ಸ್ವಲ್ಪ ಕೆಳಗೆ ಜೋತು ಬಿದ್ದಿತ್ತು. ಗೆಳೆಯ ನನ್ನ ಮುಖ ನೋಡಿದ. ನಾನು "ಎರಡೇ ಹೆಜ್ಜೆ, ಬೇಗ" ಅಂದೆ. ಅವನು ದಾಟಿದ. ಕಾಲಿಟ್ಟ ತಕ್ಷಣ ಒಂದು ಸದ್ದು ಬಂತು. ಒಣಗಿದ ಹಪ್ಪಳ ಮುರಿದ ಹಾಗೆ. ಗಟ್ಟಿ ಬಂಡೆ ಅಂದ್ಕೊಂಡಿದ್ವಿ. ಮೇಲೆ ತೆಳ್ಳಗೆ ಒಂದು ಹಕ್ಕಳೆ, ಒಳಗೆ ಪುಡಿ ಮಣ್ಣು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು ಹೇಳಿದ್ದು, "ಇನ್ನೂ ಸ್ವಲ್ಪ ಹಿಂದೆ ಹೋಗೋ, ಫ್ರೇಮಿಗೆ ಬರ್ತಿಲ್ಲ."

ಪಕ್ಕದಲ್ಲಿದ್ದ ಒಬ್ಬ ವಯಸ್ಸಾದ ಚೀನೀ ಹೆಂಗಸು ಜೋರಾಗಿ ಬೈದ್ರು. ನಾವು ಭಾಷೆ ಬರಲ್ಲ ಅನ್ನೋ ಥರ ಹಲ್ಲು ಕಿರಿದ್ವಿ. ಎರಡು ವರ್ಷದಿಂದ ಮ್ಯಾಂಡರಿನ್ ಕ್ಲಾಸಿಗೆ ಹೋಗ್ತಿದ್ದೀವಿ ಕಣ್ರೋ. ಪ್ರತಿ ಪದ ಅರ್ಥ ಆಗಿತ್ತು.

ಕ್ರಾಪ್ ಮಾಡೋಕೆ ಮುಂಚಿನ ಫೋಟೋ ನನ್ನ ಹತ್ರ ಇದೆ. ಹಿಗ್ಗಿಸಿ ಎಣಿಸಿದೆ. ಒಂಬತ್ತು ಹೆಜ್ಜೆ ಗುರುತು. ನೀವು ನೋಡಿದ ಫೋಟೋದಲ್ಲಿ ಅವನ್ನ ಕತ್ತರಿಸಿ ಹಾಕಿದ್ದೆ. ತಪ್ಪು ಅಂತ ಗೊತ್ತಿಲ್ಲದವನು ಗುರುತನ್ನ ಯಾಕೆ ಕತ್ತರಿಸ್ತಾನೆ?

2018ರ ಆಗಸ್ಟಿನಲ್ಲಿ ಇದೇ ಗುಡ್ಡಗಳ ಮೇಲೆ ಕೆಲವು ಪ್ರವಾಸಿಗರು ಬೇಲಿ ದಾಟಿ ಹೋಗಿ, ಬೇಕಂತಲೇ ಕಾಲಲ್ಲಿ ಮಣ್ಣು ಒದ್ದು, ನಾವೇ ಹಾಳು ಮಾಡಿದ್ದು ಅಂತ ವಿಡಿಯೋ ಮಾಡಿ ಹಾಕಿದ್ರು. ಇಡೀ ಚೀನಾ ಉಗೀತು. ಪೊಲೀಸ್ ತನಿಖೆ ಆಯ್ತು. ತುಳಿದ ಜಾಗ ಮೊದಲಿನ ಹಾಗಾಗೋಕೆ 60 ವರ್ಷ ಬೇಕು ಅಂತ ಆಗ ಪಾರ್ಕಿನ ಕಡೆಯವರು ಹೇಳಿದ್ರು. ಆ ವಿಡಿಯೋ ನೋಡಿ ನಾನೂ "ಥೂ" ಅಂದಿದ್ದೆ. ಅವರು ಜಂಬ ಕೊಚ್ಕೊಂಡು ಮಾಡಿದ್ರು, ನಾನು ಮುಚ್ಚಿಟ್ಕೊಂಡು ಮಾಡಿದೆ. ಗುಡ್ಡಕ್ಕೆ ಇದರಲ್ಲಿ ಏನು ವ್ಯತ್ಯಾಸ?

ಗೆಳೆಯನ ಹೆಸರು ಕೇಳಬೇಡಿ, ಟ್ಯಾಗ್ ಮಾಡಬೇಡಿ. ಹಿಂದೆ ಹೋಗು ಅಂದವನು ನಾನು.

6/8

ನಿಮ್ಮ ಡಿಎಂ ಏನು ಬರುತ್ತೆ ಅಂತ ಗೊತ್ತು. ಒಂದೊಂದಕ್ಕೇ ಉತ್ತರ ಕೊಡ್ತೀನಿ.

"ಎಲ್ಲರೂ ಎಡಿಟ್ ಮಾಡ್ತಾರೆ ಗುರು." ಮಾಡಲಿ. ನಾನೂ ಮಾಡ್ತೀನಿ. ಕಣ್ಣಿಗೆ ಕಂಡಿದ್ದು ಫೋನಿನಲ್ಲಿ ಕತ್ತಲಾಗಿ ಬಂದ್ರೆ ಬೆಳಕು ಏರಿಸೋದು ಒಂದು. ಕಣ್ಣಿಗೆ ಕಾಣದ ನೇರಳೆ ಬಣ್ಣ ತಂದು ತುಂಬೋದು ಇನ್ನೊಂದು. ಮೊದಲನೇದು ತಿದ್ದೋದು, ಎರಡನೇದು ಬಳಿಯೋದು. ಬಳಿದ್ರೆ ಬಳಿದಿದ್ದೀನಿ ಅಂತ ಬರೀಬೇಕು. ಮದುವೆ ಫೋಟೋದಲ್ಲಿ ಮುಖ ಬೆಳ್ಳಗೆ ಮಾಡಿದ್ರೆ ಎಲ್ಲರಿಗೂ ಗೊತ್ತಾಗುತ್ತೆ, ಹುಡುಗಿ ಪಕ್ಕದ ಮನೆಯವಳು. ಗುಡ್ಡ ಎಷ್ಟು ಕೆಂಪು ಅಂತ ದುರ್ಗದಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?

"ಒಂದು ಹೆಜ್ಜೆಗೆ ಏನಾಗುತ್ತೆ?" ನನ್ನ ಗೆಳೆಯನಿಗಿಂತ ಮುಂಚೆ ಅಲ್ಲಿ ಹಗ್ಗ ಯಾಕೆ ಜೋತು ಬಿದ್ದಿತ್ತು ಯೋಚನೆ ಮಾಡಿ. ನಮಗಿಂತ ಮುಂಚೆಯೂ ಯಾರೋ ಹೀಗೇ "ಒಂದೇ ಹೆಜ್ಜೆ" ಅಂದಿರಬೇಕು. ನಾವು ಹಾಕಿದ ಫೋಟೋ ನೋಡಿ ಇನ್ನೊಬ್ಬ ಅದೇ ಜಾಗ ಹುಡುಕ್ತಾನೆ. ಹನಿ ಹನಿ ಕೂಡಿ ಹಳ್ಳ ಆಗುತ್ತಲ್ಲ, ಹೆಜ್ಜೆ ಹೆಜ್ಜೆ ಕೂಡಿ ದಾರಿ ಆಗುತ್ತೆ.

"ಮಳೆ ಗಾಳಿಗೆ ಹೇಗಿದ್ರೂ ಸವೆಯುತ್ತಲ್ಲ?" ಜಾಣ ಪ್ರಶ್ನೆ, ನಾನೂ ನನಗೆ ಇದನ್ನೇ ಹೇಳಿ ಸಮಾಧಾನ ಮಾಡ್ಕೊಂಡಿದ್ದೆ. ಸವೆಯುತ್ತೆ, ನಿಜ. ಆದರೆ ಅಲ್ಲಿ ವರ್ಷಕ್ಕೆ ಬೀಳೋ ಮಳೆ 200 ಮಿಲಿಮೀಟರಿಗೂ ಕಮ್ಮಿ. ಹುಲ್ಲಿಲ್ಲ, ಗಿಡ ಇಲ್ಲ. ಆ ತೆಳು ಹಕ್ಕಳೆಯೇ ಗುಡ್ಡದ ಚರ್ಮ. ಅದು ಮುರಿದ ಕಡೆ ಮುಂದಿನ ಮಳೆ ನೀರು ನುಗ್ಗಿ ಸಣ್ಣ ಕೊರಕಲು ಮಾಡುತ್ತೆ. ಮಳೆ ತಾನಾಗಿ ಸವೆಸೋದು ಬೇರೆ, ನಾವು ಗಾಯ ಮಾಡಿ ಮಳೆಗೆ ದಾರಿ ತೋರಿಸೋದು ಬೇರೆ. ತಾತ ಹೇಗಿದ್ರೂ ಒಂದು ದಿನ ಸಾಯ್ತಾರೆ ಅಂತ ಮೆಟ್ಟಿಲ ಮೇಲಿಂದ ತಳ್ಳೋಕಾಗುತ್ತಾ?

"ಚೀನಾದ ಗುಡ್ಡ, ನಿನಗ್ಯಾಕೆ ಉರಿ?" ಇದಕ್ಕೆ ಪೂರ್ತಿ ಒಂದು ಪೋಸ್ಟ್ ಬೇಕು.

7/8

ಯಾಕೆ ಉರಿ ಅಂದ್ರೆ, ಆ ಕಾಲು ನಮ್ಮೂರಲ್ಲಿ ಕಲಿತ ಕಾಲು.

ಪಿಯುಸಿಯಲ್ಲಿ ಕೋಟೆಗೆ ಹೋಗಿದ್ವಲ್ಲ, ನೆನಪು ಮಾಡ್ಕೊಳ್ಳಿ. ಬಂಡೆ ಮೇಲೆ ಸುಣ್ಣದಲ್ಲಿ, ಪೇಂಟಿನಲ್ಲಿ, ಮೊಳೆಯಲ್ಲಿ ಕೆತ್ತಿದ ಹೆಸರುಗಳು. ಹೃದಯ, ಬಾಣ, ಇನಿಷಿಯಲ್. ನಾವು ನಿಂತು ಓದಿ ನಕ್ಕು, ಗೊತ್ತಿರೋರ ಹೆಸರು ಇದೆಯಾ ಅಂತ ಹುಡುಕಿದ್ವಿ. ಒಬ್ಬರಿಗಾದ್ರೂ ಬೇಜಾರಾಗಿತ್ತಾ? ಬಂಡೆ ಅಂದ್ರೆ ಸ್ಲೇಟು, ಬೇಲಿ ಅಂದ್ರೆ ಹಾರೋಕೆ ಇರೋದು, ಬೋರ್ಡು ಅಂದ್ರೆ ಬೇರೆಯವರಿಗೆ ಬರೆದದ್ದು. ಈ ಮೂರು ಪಾಠ ಕಲಿತೇ ನಾನು ವಿಮಾನ ಹತ್ತಿದ್ದು.

ಇನ್ನೊಂದು ಕೇಳಿ. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿ ಇದೆ. ಅಲ್ಲಿ ದಿಂಬು ಜೋಡಿಸಿಟ್ಟ ಹಾಗೆ ಉಬ್ಬುಬ್ಬಾದ ಕಲ್ಲುಗಳಿವೆ. ನೀರಿನಡಿ ಉಕ್ಕಿದ ಲಾವಾ ತಣ್ಣಗಾಗಿ ದಿಂಬಿನ ಆಕಾರಕ್ಕೆ ಬಂದದ್ದು. ವಯಸ್ಸು ಸುಮಾರು 250 ಕೋಟಿ ವರ್ಷ. ಜಾಂಗ್ಯೆ ಪದರಗಳು ಅದರ ಮುಂದೆ ನಿನ್ನೆ ಮೊನ್ನೆಯವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ನಮ್ಮ ಕ್ಲಾಸಿನ ಅರವತ್ತು ಜನರಲ್ಲಿ ಎಷ್ಟು ಜನ ನೋಡಿದ್ದೀರಿ? ನಾನು ನೋಡಿಲ್ಲ. ಅದು ಫೋಟೋದಲ್ಲಿ ಬೂದಿ ಬಣ್ಣ. ಲೈಕ್ ಬರಲ್ಲ.

ನಾವು ಪ್ರೀತಿಸೋದು ಕಲ್ಲನ್ನಲ್ಲ, ಕಲ್ಲಿನ ಮುಂದೆ ನಿಂತ ನಮ್ಮನ್ನ. ಸಾವಿರಾರು ಕಿಲೋಮೀಟರ್ ದೂರ ಹೋಗಿ ಬಣ್ಣದ ಗುಡ್ಡದ ಕಡೆ ಬೆನ್ನು ಮಾಡಿ, ಫೋನಿನ ಕಡೆ ಮುಖ ಮಾಡಿ ನಿಂತಿದ್ದು ನಾನೇ. ಅವತ್ತು ಗ್ಯಾಲರಿಯಲ್ಲಿ 312 ಫೋಟೋ. ಒಂದು ಕಟ್ಟೆಯ ಮೇಲಾದ್ರೂ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿದ್ದೆನಾ ಅಂದ್ರೆ, ಇಲ್ಲ.

8/8

"ಹಾಗಾದ್ರೆ ಹೋಗೋದೇ ಬೇಡ್ವಾ?" ಹೋಗಿ. ಖಂಡಿತ ಹೋಗಿ. ಚೀನಾದಲ್ಲಿ ಓದ್ತಿರೋರು, ಕೆಲಸಕ್ಕಿರೋರು, ಮುಂದೆ ಬರೋರು, ಎಲ್ಲರೂ ಹೋಗಿ. ಆದರೆ ಇಷ್ಟು ತಿಳ್ಕೊಂಡು ಹೋಗಿ.

ನಡುಮಧ್ಯಾಹ್ನ ಹೋಗಬೇಡಿ. ಬೆಳಕು ನೆತ್ತಿ ಮೇಲಿದ್ರೆ ಎಲ್ಲಾ ಪಟ್ಟೆ ಚಪ್ಪಟೆ ಕಾಣುತ್ತೆ. ಬೆಳಗಿನ ಹೊತ್ತು, ಇಲ್ಲಾ ಸೂರ್ಯ ಇಳಿಯೋ ಹೊತ್ತು ಹೋಗಿ. ಇಡೀ ಚೀನಾಕ್ಕೆ ಬೀಜಿಂಗ್ ಟೈಮ್ ಒಂದೇ ಆಗಿರೋದ್ರಿಂದ, ಪಶ್ಚಿಮದ ಈ ಊರಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗೋದು ರಾತ್ರಿ ಎಂಟೂವರೆ ಸುಮಾರಿಗೆ. ವಾಪಸ್ ಬರೋ ಗಾಡಿ ಮೊದಲೇ ನೋಡ್ಕೊಳ್ಳಿ. ಮಳೆ ಬಂದು ನಿಂತ ಮೇಲೆ ಸಿಕ್ಕಿದ್ರೆ ಅದೃಷ್ಟ. ನೆನೆದ ಮಣ್ಣಿನ ಗೋಡೆ ಹೇಗೆ ಕಡು ಬಣ್ಣಕ್ಕೆ ತಿರುಗುತ್ತೋ ಹಾಗೇ ಗುಡ್ಡವೂ ತಿರುಗುತ್ತೆ. ಆ ಬಣ್ಣಕ್ಕೆ ಸ್ಲೈಡರ್ ಬೇಡ. ಮೋಡ ಇದ್ರೆ ಮೋಡದ ಗುಡ್ಡ ನೋಡಿ ಬನ್ನಿ, ಅದೂ ಆ ಗುಡ್ಡವೇ.

ಫೋಟೋ ಹಾಕಿದ್ರೆ ಹೊತ್ತು ಬರೀರಿ. ಬಣ್ಣ ಏರಿಸಿದ್ರೆ ಏರಿಸಿದ್ದೀನಿ ಅಂತ ಬರೀರಿ, ಪಕ್ಕದಲ್ಲಿ ಏರಿಸದ್ದನ್ನೂ ಹಾಕಿ. ಹಗ್ಗದಾಚೆ ನಿಂತ ಫೋಟೋ ಯಾರೇ ಹಾಕಲಿ, ಗೆಳೆಯನೇ ಇರಲಿ, ಸಾವಿರ ಫಾಲೋವರ್ ಇರೋ ಅಣ್ಣನೇ ಇರಲಿ, ಲೈಕ್ ಕೊಡಬೇಡಿ. ಕಾಮೆಂಟಿನಲ್ಲಿ ಬೈಯೋದೂ ಬೇಡ, ಬೈಗುಳಕ್ಕೂ ರೀಚ್ ಸಿಗುತ್ತೆ. ಡಿಎಂ ಮಾಡಿ "ತೆಗಿ ಮಾರಾಯ" ಅನ್ನಿ. ನನಗೆ ಯಾರೂ ಹಾಗೆ ಅನ್ನಲಿಲ್ಲ. ಅಂದಿದ್ರೆ ಎರಡು ತಿಂಗಳು ಬೇಕಾಗ್ತಿರಲಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ಗೊತ್ತು. ಆ ಒಂಬತ್ತು ಗುರುತು ಈ ಎಂಟು ಪೋಸ್ಟಿನಿಂದ ಮಾಯಲ್ಲ. 60 ವರ್ಷ ಅನ್ನೋದು ನಿಜ ಆದ್ರೆ, ಅವು ಮಾಯೋ ಹೊತ್ತಿಗೆ ನನಗೆ ಎಂಬತ್ತು ದಾಟಿರುತ್ತೆ.

ಮೊದಲನೇ ಪೋಸ್ಟಿನ ಆ ಸಪ್ಪೆ ಫೋಟೋ ನಿಮಗೆ ತೋರಿಸೋ ಮುಂಚೆ ಜೂನಿಯರ್‌ಗೆ ಕಳಿಸಿ, ಅಜ್ಜಿಗೆ ತೋರಿಸು ಅಂದಿದ್ದೆ. ನಿನ್ನೆ ರಾತ್ರಿ ಅಜ್ಜಿಯದು ಒಂದು ವಾಯ್ಸ್ ನೋಟ್ ಬಂತು. "ಹ್ಞೂಂ, ಇದೇ ನಾನು ನೋಡಿದ್ದು. ಚೆನ್ನಾಗೇ ಐತಲ್ಲ. ಇದನ್ನೇ ಮೊದ್ಲು ಹಾಕೋಕೆ ಏನಾಗಿತ್ತಂತೆ ಆ ಹುಡುಗಂಗೆ?"

ಅಜ್ಜಿಗೆ ಇನ್ನೂ ಉತ್ತರ ಕಳಿಸಿಲ್ಲ.

#ಜಾಂಗ್ಯೆ #ಬಣ್ಣದಗುಡ್ಡ #ಹಗ್ಗದಈಚೆ #ಎಡಿಟ್ಇಲ್ಲ